ಮನೆಯಲ್ಲಿ ಒರೆಗಲ್ಲು

ಪತ್ತಾರನ ಅಂಗಡಿಯಲ್ಲಿ ಒರೆಗಲ್ಲು ಇರುವುದು ಸಹಜವಷ್ಟೆ. ಬಂಗಾರವನ್ನು ಕೊಳ್ಳುವಾಗಲಾಗಲಿ ಕರಗಿಸುವಾಗಲಾಗಲಿ ಆ ಕರಿಯ ಕಲ್ಲಿನ ಮೇಲೆ ಗೆರೆಯೆಳೆದು ನೋಡದೆ ಆತನು ಮುಂದಿನ ಕೆಲಸಕ್ಕೆ ಕೈಹಾಕಲಾರನು. ಆದರೆ ಅದೇ ಬಂಗಾರವು ಒಡವೆಯಾಗಿ ಮನೆಯನ್ನು ಸೇರಿದ ಮೇಲೆ, ಹಬ್ಬದ ದಿನ ಅದನ್ನು ತೊಡುವ ಮುನ್ನ ಪ್ರತಿಸಲವೂ ಒರೆಗೆ ಹಚ್ಚಿ ನೋಡುವ ಗೃಹಿಣಿಯನ್ನು ಯಾರೂ ಕಂಡಿರಲಾರರು. ಕಂಡರೂ, ಆಕೆಯ ಸತ್ಯಪ್ರೀತಿಯನ್ನು ಹೊಗಳುವವರಿಗಿಂತ ಆಕೆಯ ಮನಸ್ಸಿನ ನೆಮ್ಮದಿಗಾಗಿ ಮರುಗುವವರೇ ಹೆಚ್ಚಾದಾರು. ಸಂಗೀತವನ್ನು ಮನೆಯಲ್ಲಿ ಕೇಳುವ ವಿಷಯದಲ್ಲಿ ಇಂಥದೇ ಒಂದು ಪ್ರಶ್ನೆಯು ಇಂದು ಎದ್ದಿರುತ್ತದೆ.

ಧ್ವನಿಮುದ್ರಣದ ಸ್ಟುಡಿಯೋಗಳಲ್ಲಿ ‘ಮಾನಿಟರ್’ ಎಂಬ ಹೆಸರಿನ ಸ್ಪೀಕರುಗಳುಂಟು. ಮಂದ್ರದಿಂದ ತಾರದವರೆಗೆ ಯಾವ ಸ್ವರವನ್ನೂ ಉಬ್ಬಿಸದೆ, ಯಾವುದನ್ನೂ ತಗ್ಗಿಸದೆ, ಮುದ್ರಿಕೆಯಲ್ಲಿರುವುದನ್ನು ಇದ್ದಂತೆ ಒಪ್ಪಿಸುವುದೇ ಅವುಗಳ ಧರ್ಮ. ಮುದ್ರಣಕಾರನು ಅವುಗಳಿಂದ ಒಂದು ಒಂದೂವರೆ ಮೀಟರಿನಷ್ಟು ದೂರದಲ್ಲಿ ಕುಳಿತು, ಎಲ್ಲಿ ತಬಲೆಯು ಗಾಯಕನ ಕಂಠವನ್ನು ಮುಚ್ಚಿತು, ಎಲ್ಲಿ ಉಸಿರು ಅತಿಯಾಯಿತು ಎಂದು ಹುಡುಕಿ ತಿದ್ದುತ್ತಾನೆ. ಮನೆಬಳಕೆಗೆಂದು ಮಾಡುವ ಸ್ಪೀಕರುಗಳಲ್ಲಿ ಅನೇಕವು ಇದಕ್ಕೆ ವಿರುದ್ಧ. ಕೆಳಗಿನ ಸ್ವರಗಳಿಗೆ ತುಸು ಮೈ ತುಂಬಿ, ಮೇಲಿನವುಗಳಿಗೆ ತುಸು ಹೊಳಪು ಕೊಟ್ಟು ಅವು ಕೇಳುವವನನ್ನು ಓಲೈಸುತ್ತವೆ. ಮಾನಿಟರುಗಳು ಈಗ ಸಾಧಾರಣ ಕುಟುಂಬದ ಕೈಗೆಟಕುವ ಬೆಲೆಗೂ ದೊರೆಯುವುದರಿಂದ, ಅವುಗಳನ್ನು ಪಡಸಾಲೆಗೆ ತಂದು ಇರಿಸಿಕೊಳ್ಳುವ ರಸಿಕರು ಹುಟ್ಟಿಕೊಂಡಿದ್ದಾರೆ. ಹೊಗಳುಭಟನ ಮಾತಿಗಿಂತ ಸಾಕ್ಷಿಯ ಮಾತು ಮೇಲಲ್ಲವೆ ಎಂಬುದು ಅವರ ವಾದ.

ಈ ವಾದವನ್ನು ಹಗುರಾಗಿ ಕಾಣಲಾಗದು. ಗಂಗೂಬಾಯಿ ಹಾನಗಲ್ಲರ (1913–2009) ಮೊದಲಿನ ಮುದ್ರಿಕೆಗಳಲ್ಲಿ ಇದ್ದುದು ಎತ್ತರದ ತೆಳುವಾದ ಕಂಠ; ಗಂಟಲಿನ ಬೇನೆ ಮತ್ತು ಅದರ ಚಿಕಿತ್ಸೆಯ ತರುವಾಯ ಅದು ಗಂಡುದನಿಯೆನ್ನುವಷ್ಟು ಗಂಭೀರವಾಯಿತು. ಆ ಕಂಠದ ಭಾರವೇ ಅದರ ಐಶ್ವರ್ಯ. ಅಂಗೈಯಗಲದ ಸ್ಪೀಕರು ಆ ಭಾರವನ್ನು ಹೊರಲಾರದೆ ಅರ್ಧವನ್ನು ಚೆಲ್ಲಿಬಿಡುತ್ತದೆ. ಮಂದ್ರವನ್ನು ಬೇಕೆಂದೇ ಉಬ್ಬಿಸುವ ಸ್ಪೀಕರು ಅದಕ್ಕೆ ಇಲ್ಲದ ಬೊಜ್ಜನ್ನು ಅಂಟಿಸುತ್ತದೆ. ಎರಡೂ ಆ ಗಾಯಕಿಗೆ ಬಗೆದ ಅನ್ಯಾಯವೇ. ಸಾಮಾನ್ಯ ಜನರಿಗೆ ಸಿಹಿಯೇ ಬೇಕು, ಸಮತೆ ಬೇಡ ಎಂದು ಹೇಳುವುದಕ್ಕೂ ಆಧಾರ ಸಾಲದು. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಯಾವ ಸ್ಪೀಕರು ನುಡಿಯುತ್ತಿದೆಯೆಂಬುದು ಕಾಣದಂತೆ ಮರೆಮಾಡಿ ಕೇಳಿಸಿದಾಗ, ಬಹುಮಂದಿ ಮೆಚ್ಚಿದ್ದು ಏರಿಳಿತವಿಲ್ಲದೆ ಸಮನಾಗಿ ನುಡಿಯುವವುಗಳನ್ನೇ. ಹಾಗಾದರೆ ಸತ್ಯಕ್ಕೂ ಇಂಪಿಗೂ ಜಗಳವಿದೆಯೆಂಬ ಕಲ್ಪನೆಯೇ ಅರ್ಧ ಬಿದ್ದುಹೋಯಿತು.

ಉಳಿದರ್ಧವಾದರೋ ಅಷ್ಟು ಸುಲಭವಾಗಿ ಬೀಳತಕ್ಕದ್ದಲ್ಲ. ‘ಇದ್ದಂತೆ’ ಎಂಬ ಮಾತನ್ನೇ ಸ್ವಲ್ಪ ವಿಚಾರಿಸಬೇಕು. ಜಪಾನಿನ ಯಮಾಹಾ ಸಂಸ್ಥೆಯು 1978ರಲ್ಲಿ ಎನ್‌ಎಸ್-10 ಎಂಬ ಸ್ಪೀಕರನ್ನು ಮಾರುಕಟ್ಟೆಗೆ ತಂದಿತು. ಅದನ್ನು ಮಾಡಿದ್ದು ಮನೆಗಾಗಿ. ಮನೆಯವರು ಅದನ್ನು ಮೆಚ್ಚಲಿಲ್ಲ; ದನಿ ಕರ್ಕಶವೆಂದರು. ಮನೆಯಲ್ಲಿ ಸೋತ ಆ ಪೆಟ್ಟಿಗೆಯು ಮುದ್ರಣಕಾರರ ಮೇಜಿನ ಮೇಲೆ ಸಿಂಹಾಸನವೇರಿತು. ತಪ್ಪುಗಳನ್ನು ಎತ್ತಿ ತೋರಿಸುವುದೇ ಅದರ ಗುಣವೆಂದು ಅವರು ಕಂಡುಕೊಂಡರು. ಅವರಲ್ಲಿಯೂ ಕೆಲವರು ಅದರ ಚುಚ್ಚುವ ತಾರಸ್ವರಕ್ಕೆ ತೆಳುಕಾಗದವನ್ನು ಹೊದಿಸಿ ಕೇಳುತ್ತಿದ್ದರೆಂಬುದು ಮರೆಯತಕ್ಕ ಸಂಗತಿಯಲ್ಲ. ಇನ್ನು ಬ್ರಿಟನ್ನಿನ ಬಿಬಿಸಿಯವರು 1970ರ ದಶಕದಲ್ಲಿ, ಹೊರಾಂಗಣ ಪ್ರಸಾರದ ಇಕ್ಕಟ್ಟಾದ ಬಂಡಿಗಳಿಗೆಂದು ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರನ್ನು ರಚಿಸಿದರು. ಅದು ಎದುರುದಾರಿಯಲ್ಲಿ ನಡೆದು ಮನೆಗಳ ಪ್ರೀತಿಪಾತ್ರವಾಯಿತು. ಅದರ ಚಿಕ್ಕ ಒಡಲಿಗೆ ದೊಡ್ಡ ದನಿಯ ಭಾಸವಾಗುವಂತೆ ಕೆಳಸ್ವರಗಳಲ್ಲಿ ಒಂದು ಸಣ್ಣ ಉಬ್ಬು ಇದ್ದುದೂ ಉಂಟು. ಒರೆಗಲ್ಲಿಗೂ ಹೀಗೆ ತನ್ನದೊಂದು ಬಣ್ಣವಿರುತ್ತದೆ.

ಅಷ್ಟೇ ಅಲ್ಲ. ಒಳ್ಳೆಯ ಮುದ್ರಣಕಾರನು ಮಾನಿಟರಿನ ಮಾತನ್ನು ಕೇಳಿ ಮುಗಿಸಿದ ಬಳಿಕ, ಬಡ ರೇಡಿಯೋದಂತೆ ನುಡಿಯುವ ಇನ್ನೊಂದು ಸಣ್ಣ ಪೆಟ್ಟಿಗೆಯಲ್ಲಿಯೂ ತನ್ನ ಕೆಲಸವನ್ನು ಕೇಳಿ ನೋಡುವ ವಾಡಿಕೆಯಿದೆ. ಆಟೋಟೋನ್ ಅಲ್ಲ, ಆರಟೋನ್ ಎಂಬ ಚೌಕದ ಪೆಟ್ಟಿಗೆಯು ಇದಕ್ಕಾಗಿಯೇ ಹೆಸರಾಯಿತು. ಬಡವನ ಕಿವಿಗೂ ಹಾಡು ತಲುಪಬೇಕೆಂಬುದು ಅವನ ಲೆಕ್ಕದಲ್ಲಿ ಸೇರಿತ್ತು. ಕಲಬುರಗಿಯಲ್ಲಿ 1966ರಲ್ಲಿ ಆಕಾಶವಾಣಿಯ ಕೇಂದ್ರವಾದ ಮೇಲೆ ಈ ಸೀಮೆಯ ಎಷ್ಟೋ ಮನೆಗಳು ವಚನಗಳನ್ನೂ ತತ್ವಪದಗಳನ್ನೂ ಕೇಳಿದ್ದು ಮಾಡದಲ್ಲಿಟ್ಟ ಟ್ರಾನ್ಸಿಸ್ಟರಿನಿಂದ. ಅವರು ಸುಳ್ಳನ್ನು ಕೇಳಿದರೆಂದು ಹೇಳುವ ಧೈರ್ಯ ಯಾರಿಗಿದೆ?

ಕೋಣೆಯ ಸಂಗತಿಯೂ ಉಂಟು. ಈ ಭಾಗದ ಮನೆಗಳ ನೆಲಕ್ಕೆ ಶಹಾಬಾದಿನ ಹಾಸುಗಲ್ಲು, ಗೋಡೆಗೆ ಕಲ್ಲು. ಇಂಥ ಪಡಸಾಲೆಯಲ್ಲಿ ಎಷ್ಟೇ ಸತ್ಯವಂತ ಮಾನಿಟರನ್ನಿಟ್ಟರೂ ದನಿಯು ಕಲ್ಲಿನಿಂದ ಕಲ್ಲಿಗೆ ಪುಟಿದು, ಅದು ಆಡಿದ ಮಾತು ಬೇರೆ, ಕಿವಿಗೆ ಬಿದ್ದ ಮಾತು ಬೇರೆಯಾಗುತ್ತದೆ. ಹೊಸ ಯಂತ್ರಕ್ಕೆ ಸುರಿಯುವ ಹಣಕ್ಕಿಂತ ನೆಲಕ್ಕೊಂದು ದಪ್ಪ ಜಮಖಾನೆ, ಗೋಡೆಗೆರಡು ಕೌದಿ ಹೆಚ್ಚಿನ ಉಪಕಾರ ಮಾಡಿಯಾವು. ಮೇಲಾಗಿ, ದನಿ ಸಣ್ಣದಾದಷ್ಟೂ ಕಿವಿಗೆ ಮಂದ್ರವು ಬೇಗ ಕುಗ್ಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಅಳೆದು ತೋರಿಸಿದರು. ಮಕ್ಕಳು ಮಲಗಿದ ಹೊತ್ತಿನಲ್ಲಿ ಮೆಲ್ಲನೆ ಕೇಳುವವನಿಗೆ, ಸ್ಟುಡಿಯೋದಲ್ಲಿ ದೊಡ್ಡದಾಗಿ ಕೇಳಿ ಹೊಂದಿಸಿದ ಸಮತೆಯು ಸಮವಾಗಿ ಕೇಳಿಸುವುದೇ ಇಲ್ಲ.

ಇಷ್ಟಾದರೂ ಮುಖ್ಯವಾದ ತೊಡಕು ಯಂತ್ರದಲ್ಲಿಲ್ಲ, ಕೇಳುವವನಲ್ಲಿದೆ. ಆಳಂದ ತಾಲ್ಲೂಕಿನ ಜಿಡಗಾದಂಥ ಒಂದು ಊರನ್ನು ವಾಚಕರು ನೆನೆಯಲಿ. ಸಿದ್ಧರಾಮ ಶಿವಯೋಗಿಗಳ ಮಠವಿರುವ ಊರು ಅದು; ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯೆಲ್ಲ ಭಜನೆ ನಡೆಯುವ ಸೀಮೆ; ಕಡಕೋಳ ಮಡಿವಾಳಪ್ಪನವರ ಪದಗಳು ಜೇವರ್ಗಿಯ ಕಡೆಯಿಂದ ಹರಡಿ ಬಾಯಿಂದ ಬಾಯಿಗೆ ಉಳಿದ ನೆಲ. ಅಲ್ಲಿಯ ಒಂದು ಮನೆಯಲ್ಲಿ, ತೀರಿಹೋದ ಯಜಮಾನನು ಭಜನೆಯಲ್ಲಿ ಹಾಡಿದ ಹಳೆಯ ಕ್ಯಾಸೆಟ್ಟೊಂದು ಉಳಿದಿದೆಯೆಂದು ಕಲ್ಪಿಸಿಕೊಳ್ಳಬಹುದು. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಗನು ಮಾನಿಟರುಗಳನ್ನು ತಂದು ಅದನ್ನು ಹಚ್ಚುತ್ತಾನೆ. ಅವನ ಕಿವಿಗೆ ಮೊದಲು ಬೀಳುವುದು ಟೇಪಿನ ಸುಯ್ಯೆನ್ನುವ ಸದ್ದು, ಮೋಟಾರಿನ ನಡುಕದಿಂದ ಅಲುಗುವ ಶ್ರುತಿ, ಯಾರದೋ ಕೆಮ್ಮು. ಪಕ್ಕದಲ್ಲಿ ಕುಳಿತ ತಾಯಿಗೆ ಕೇಳಿಸುವುದು, ಪಲ್ಲವಿಯನ್ನು ಎತ್ತಿಕೊಳ್ಳುವ ಮುನ್ನ ಆಕೆಯ ಗಂಡನು ಎಳೆದುಕೊಂಡ ಉಸಿರು. ಮನೆಯ ಹಳೆಯ ಟೇಪ್‌ರಿಕಾರ್ಡರಿನಲ್ಲಿ ಆ ಉಸಿರು ಎಂದೂ ಕೇಳಿಸಿರಲಿಲ್ಲ. ಮಾನಿಟರು ಇಬ್ಬರಿಗೂ ಒಂದೇ ಸತ್ಯವನ್ನು ಹೇಳಿತು.

ಮಗನದು ಪತ್ತಾರನ ಕಿವಿ. ಪತ್ತಾರನಿಗೆ ಅದು ಭೂಷಣ, ಏಕೆಂದರೆ ಕೊರತೆ ಕಂಡಲ್ಲಿ ತಿದ್ದುವ ಹೊಣೆಯೂ ಶಕ್ತಿಯೂ ಅವನಿಗಿವೆ. ತಿದ್ದಲಾಗದ ಕಡೆಯಲ್ಲಿಯೂ ದೋಷವನ್ನೇ ಹುಡುಕುತ್ತ ಕೂರುವುದು ಸತ್ಯನಿಷ್ಠೆಯಂತೆ ತೋರಿದರೂ, ಬಹಳ ವೇಳೆ ಅದು ತನ್ನ ಜಾಣತನವನ್ನು ತಾನೇ ಸವಿಯುವ ಚಟವಾಗಿರುತ್ತದೆ. ಹಾಡನ್ನು ಬಿಟ್ಟು ಸ್ಪೀಕರನ್ನೇ ಕೇಳುವವರು ಪಟ್ಟಣಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಮನ್ಸೂರರೂ ಒಂದು ಪರೀಕ್ಷಾಸಾಮಗ್ರಿ. ಆದರೆ ಕ್ಯಾಸೆಟ್ಟಿನ ಟೇಪು ಸವೆಯುವ ಮೊದಲು ಅದನ್ನು ಹೊಸ ರೂಪಕ್ಕೆ ಇಳಿಸಿ ಭಜನಾಮಂಡಳಿಯವರಿಗೆ ಕೊಡಬೇಕೆಂದು ಮಗನು ಹೊರಟರೆ, ಆಗ ಅವನಿಗೆ ಪತ್ತಾರನ ಕಿವಿಯೇ ಬೇಕು, ಮಾನಿಟರೂ ಬೇಕು. ಆ ಹೊತ್ತಿಗೆ ಅವನ ಪಡಸಾಲೆಯೇ ಅಂಗಡಿಯಾಗುತ್ತದೆ.

ಅಲ್ಲಿಯೂ ಒಂದು ಕಷ್ಟ ಕಾದಿರುತ್ತದೆ. ಟೇಪಿನ ಸುಯ್ಯೆನ್ನುವ ಸದ್ದೂ ಮನುಷ್ಯನ ಉಸಿರೂ ಬಹುಮಟ್ಟಿಗೆ ಒಂದೇ ಮೇಲಿನ ಸ್ತರದಲ್ಲಿ ಬೆರೆತಿರುವುವು. ಸದ್ದನ್ನು ಸೋಸಲು ಯಂತ್ರದ ಗುಂಡಿಯನ್ನು ತಿರುಗಿಸಿದಷ್ಟೂ ಅದರೊಡನೆ ಉಸಿರೂ ತೆಳ್ಳಗಾಗುತ್ತ ಹೋಗುತ್ತದೆ. ಮಗನು ಸ್ವಲ್ಪ ತಿರುಗಿಸಿ, ಈಗ ಸ್ವಚ್ಛವಾಯಿತೆಂದು ತಾಯಿಯ ಮುಖವನ್ನು ನೋಡುತ್ತಾನೆ.

“ಅದಕ್ಯಾಕ ಕೈ ಹಚ್ಚತಿಯಪ್ಪಾ, ಮೊದಲ ಹ್ಯಾಂಗಿತ್ತು ಹಂಗೇ ಬಿಡು” ಎನ್ನುತ್ತಾಳೆ ಆಕೆ.