ಅಂಕೆಯೂ ಅಂಜಿಕೆಯೂ

ಮನುಷ್ಯನಿಗೆ ಬರುವ ಭಯಗಳಲ್ಲಿ ಎರಡು ಬಗೆಗಳುಂಟು. ಕಣ್ಣೆದುರಿಗೆ ಬಂದು ನಿಂತ ಆಪತ್ತಿನಿಂದ ಹುಟ್ಟುವ ಭಯವೊಂದು; ಇನ್ನೂ ಬಾರದ, ಬಂದೇ ಬರುವದೆಂಬ ನಿಶ್ಚಯವೂ ಇಲ್ಲದ ಆಪತ್ತನ್ನು ನೆನೆದು ಹುಟ್ಟುವ ಭಯ ಇನ್ನೊಂದು. ಮೊದಲನೆಯದು ಪಶುಪಕ್ಷಿಗಳಿಗೂ ಉಂಟು. ಎರಡನೆಯದು ಬುದ್ಧಿಯುಳ್ಳ ಮನುಷ್ಯನ ವಿಶೇಷ. ಮುಂದಾಲೋಚನೆಯೆಂಬ ಸದ್ಗುಣವೂ ಕೊರಗೆಂಬ ದೋಷವೂ ಆತನಲ್ಲಿ ಒಂದೇ ಬೇರಿನಿಂದ ಚಿಗುರುವವು. ಸದ್ಗುಣವು ಎಲ್ಲಿ ಮುಗಿಯಿತು, ದೋಷವು ಎಲ್ಲಿ ಮೊದಲಾಯಿತು ಎಂಬದನ್ನು ವಿಚಾರಿಸಲು ದೊಡ್ಡ ಉದಾಹರಣೆಯೇನೂ ಬೇಡ. ಈಗ ಮನೆಮನೆಯಲ್ಲಿ ಕೇಳಿಬರುವ ಒಂದು ಚಿಕ್ಕ ಅಂಕೆಯೇ ಸಾಕು.

ಯಾದಗಿರಿ ಜಿಲ್ಲೆಯ ವಡಗೇರಾ, ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಯ ಊರು. ಮೊದಲು ಶಹಾಪುರ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕಿನ ಮುಖ್ಯ ಸ್ಥಳವಾಗಿದೆ. ಅಲ್ಲಿಯ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಾಲ್ವತ್ತೈದು, ಉದ್ಯೋಗ ಸಾಲೆಯ ಮಾಸ್ತರಿಕೆ, ಮೈಯಲ್ಲಿ ಬೇನೆಯಿಲ್ಲ, ಹಸಿವೆ ನಿದ್ರೆಗಳಿಗೆ ಕೊರತೆಯಿಲ್ಲ. ಯಾವದೋ ನಿಮಿತ್ತದಿಂದ ರಕ್ತಪರೀಕ್ಷೆ ಮಾಡಿಸಲಾಗಿ, ಬರಿಹೊಟ್ಟೆಯ ಸಕ್ಕರೆ ೧೦೪ ಎಂದು ಬಂದಿತು. ಅಂಕೆಯ ಬದಿಗೆ ಒಂದು ಚಿಕ್ಕ ಗುರುತೂ ಇದ್ದಿತು. ಅಂದಿನಿಂದ ಆತನ ನೆಮ್ಮದಿ ಹೋಯಿತು. ಪರೀಕ್ಷಿಸುವ ಯಂತ್ರವು ಮನೆಗೇ ಬಂದಿತು. ದಿನಬೆಳಗಾದರೆ ಬೆರಳು ಚುಚ್ಚಿ ನೋಡುವದು. ೯೮ ಬಂದ ದಿನ ಹಬ್ಬ, ೧೦೯ ಬಂದ ದಿನ ಸೂತಕ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಗಳನ್ನು ಉಣ್ಣುತ್ತಿರಲು ಆತನು ದೂರ ಬದುವಿನ ಮೇಲೆ ಕುಳಿತಿದ್ದನು. ಮುಪ್ಪಿನ ತಾಯಿಯು ಹೋಳಿಗೆಯ ತುಣುಕೊಂದನ್ನು ಹಿಡಿದು ಬಂದು, “ಇಷ್ಟರ ತಿನ್ನಪಾ” ಎಂದರೆ ಮುಖ ತಿರುಗಿಸಿದನು. ಆಕೆ ಏನೂ ಅನ್ನದೆ ಹಿಂದಿರುಗಿದಳು.

ಆ ಅಂಕೆಯಾದರೂ ಏನು ಹೇಳುವದು? ರಾತ್ರಿ ಉಣ್ಣದೆ ಮಲಗಿದವನ ರಕ್ತದಲ್ಲಿಯೂ ಸಕ್ಕರೆ ಇದ್ದೇ ಇರುವದು. ಮಿದುಳು ಮೊದಲಾದ ಅವಯವಗಳ ಪೋಷಣೆಗಾಗಿ ಯಕೃತ್ತು ಅದನ್ನು ಬಿಡುತ್ತಲೇ ಇರುವದು. ನಸುಕಿನಲ್ಲಿ ಕೆಲವು ಗ್ರಂಥಿರಸಗಳು ಏರಿ ಮೈಯನ್ನು ಎಚ್ಚರಕ್ಕೆ ಸಿದ್ಧಮಾಡುವಾಗ ಆ ಸಕ್ಕರೆಯೂ ತುಸು ಏರುವದು. ನಿದ್ರೆಗೆಟ್ಟರೆ, ನೆಗಡಿ ಜ್ವರ ಬಂದರೆ, ಮನಸ್ಸು ಕಳವಳಗೊಂಡರೆ ಇನ್ನಿಷ್ಟು ಏರಬಹುದು. ಮನೆಯ ಯಂತ್ರಕ್ಕಂತೂ ನೂರಕ್ಕೆ ಹದಿನೈದರವರೆಗಿನ ಹೆಚ್ಚುಕಡಿಮೆಯನ್ನು ಅಂತರರಾಷ್ಟ್ರೀಯ ಪ್ರಮಾಣವೇ ಒಪ್ಪಿಕೊಂಡಿದೆ. ಹೀಗಿರಲು, ಮಾಸ್ತರನು ಹಬ್ಬವೆಂದೂ ಸೂತಕವೆಂದೂ ಎಣಿಸಿದ ಎರಡು ಅಂಕೆಗಳ ಅಂತರವು ಬಹುಶಃ ಯಂತ್ರದ ತೂಗಾಟವೇ ಹೊರತು ದೇಹದ ಸ್ಥಿತಿಯ ಬದಲಾವಣೆಯಲ್ಲ. ಬೇರೆ ಲಕ್ಷಣಗಳಿಲ್ಲದವನಿಗೆ ಒಂದೇ ಸಲದ ಒಂದೇ ಅಂಕೆಯಿಂದ ರೋಗವನ್ನು ಆರೋಪಿಸಬಾರದೆಂಬದು ವೈದ್ಯರ ನಿಯಮವಾಗಿದೆ.

ಗಡಿಗಳ ಮಾತೂ ಹೀಗೆಯೇ. ೧೯೭೯ರಲ್ಲಿ ಅಮೇರಿಕೆಯ ತಜ್ಞರು ಬರಿಹೊಟ್ಟೆಯ ಸಕ್ಕರೆ ೧೪೦ ಮುಟ್ಟಿದರೆ ಮಧುಮೇಹವೆಂದರು. ೧೯೯೭ರಲ್ಲಿ ಆ ಗಡಿಯನ್ನು ೧೨೬ಕ್ಕೆ ಇಳಿಸಿದರು. ರೋಗಕ್ಕೆ ಮುಂಚಿನ ಸ್ಥಿತಿಯ ಗಡಿ ಮೊದಲು ೧೧೦ ಇದ್ದದ್ದು, ೨೦೦೩ರಲ್ಲಿ ಅಮೇರಿಕೆಯ ಮಧುಮೇಹ ಸಂಘದವರ ನಿರ್ಣಯದಂತೆ ೧೦೦ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯು ೧೧೦ನ್ನೇ ಉಳಿಸಿಕೊಂಡಿತು. ಆದುದರಿಂದ ವಡಗೇರಾದ ಮಾಸ್ತರನು ಒಂದು ಲೆಕ್ಕದಲ್ಲಿ ನಿರೋಗಿ, ಇನ್ನೊಂದು ಲೆಕ್ಕದಲ್ಲಿ ರೋಗದ ಹೊಸ್ತಿಲಲ್ಲಿ ನಿಂತವನು. ದೇಹವು ಮಾತ್ರ ಒಂದೇ. ಎರಡು ಹೊಲಗಳ ನಡುವೆ ಗಡಿಗಲ್ಲು ನೆಡುವದು ವ್ಯವಹಾರಕ್ಕೆ ಬೇಕು, ಅದಿಲ್ಲದಿದ್ದರೆ ತಂಟೆ. ಆದರೆ ಕಲ್ಲಿನ ಆಚೆಗೂ ಈಚೆಗೂ ಇರುವದು ಅದೇ ಎರೆಮಣ್ಣು. ಕಲ್ಲು ದಾಟಿದ ಮಾತ್ರಕ್ಕೆ ನೆಲವೇ ಬೇರೆಯಾಯಿತೆಂದು ನಡುಗುವವನು ಕಲ್ಲಿನ ಉಪಯೋಗವನ್ನು ತಿಳಿದವನಲ್ಲ.

ಹಾಗಾದರೆ ಆ ಅಂಕೆಯನ್ನು ಹರಿದು ಬಿಸಾಡಬೇಕೇ ಎಂದು ಕೇಳುವವರುಂಟು. ಅವರ ಪ್ರಶ್ನೆ ನ್ಯಾಯವಾದದ್ದೇ. ಮಧುಮೇಹವು ಮೊದಲಲ್ಲಿ ನೋವು ಕೊಡದೆ ಕದ್ದು ಬರುವ ರೋಗ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳು ೧೦.೧ ಕೋಟಿ, ಅದರ ಹೊಸ್ತಿಲಲ್ಲಿರುವವರು ೧೩.೬ ಕೋಟಿ. ಅಂಕೆಯು ೧೨೬ಕ್ಕೆ ಸಮೀಪವಾದಷ್ಟೂ ಅಪಾಯವು ಹೆಚ್ಚು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಸಕ್ಕರೆಯ ನೀರು ಕುಡಿಸಿ ಮಾಡುವ ಪರೀಕ್ಷೆಯಲ್ಲಿ ದೋಷ ಕಂಡವರನ್ನು ಆರಿಸಿ, ಮೂರು ವರ್ಷಗಳ ಪರಿಣಾಮವನ್ನು ೨೦೦೬ರಲ್ಲಿ ಪ್ರಕಟಿಸಿದರು. ವಿಶೇಷ ಉಪಚಾರವಿಲ್ಲದವರಲ್ಲಿ ನೂರಕ್ಕೆ ೫೫ ಜನರಿಗೆ ಮಧುಮೇಹ ಬಂದರೆ, ನಡಿಗೆ ಮತ್ತು ಮಿತಾಹಾರಗಳನ್ನು ಪಾಲಿಸಿದವರಲ್ಲಿ ಸುಮಾರು ೩೯ ಜನರಿಗೆ ಮಾತ್ರ ಬಂದಿತು. ಅವರು ೧೦೪ರ ಅಂಕೆಯೊಂದೇ ಇದ್ದವರಿಗಿಂತ ಹೆಚ್ಚು ಅಪಾಯದವರು; ಆದರೂ ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟವಾಗುವವು. ಹೊಸ್ತಿಲಲ್ಲಿ ನಿಂತವರೆಲ್ಲ ಒಳಗೆ ಬೀಳುವದಿಲ್ಲ. ಮತ್ತು ಬೀಳದಂತೆ ತಡೆಯುವದು ಕಾಲಿನ ನಡಿಗೆ ಮತ್ತು ಬಾಯಿಯ ಹಿತ, ಮನಸ್ಸಿನ ಕೊರಗಲ್ಲ. ಕೂತಲ್ಲಿಯೇ ಕೂಡುವ ಸುಖವನ್ನೂ ಅತಿನಿದ್ರೆಯನ್ನೂ ಪ್ರಮೇಹದ ಕಾರಣಗಳಲ್ಲಿ ಚರಕಸಂಹಿತೆಯು ಎಂದೋ ಎಣಿಸಿದೆ.

ಕೊರಗಿನ ಜೊತೆಗೆ ಇನ್ನೊಂದು ಕಂಟಕವೂ ಬರುವದು, ಅದು ಅಪರಾಧಭಾವ. ಮಾಸ್ತರನು ತನ್ನ ನಾಲಗೆಯ ಚಾಪಲ್ಯಕ್ಕೆ ಇದು ಶಿಕ್ಷೆಯೆಂದು ತನ್ನನ್ನು ತಾನೇ ಹಳಿದುಕೊಳ್ಳುವನು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಕೂಸುಗಳ ತೂಕ ಅಳತೆಗಳನ್ನು ಬರೆದಿಟ್ಟಿದ್ದರು. ಆ ಕೂಸುಗಳು ದೊಡ್ಡವರಾದ ಮೇಲೆ, ೧೯೯೦ರ ದಶಕದಲ್ಲಿ, ಅವರನ್ನು ಹುಡುಕಿ ಪರೀಕ್ಷಿಸಿದಾಗ ಹುಟ್ಟಿನ ಕಾಲದ ದೇಹಪ್ರಮಾಣಕ್ಕೂ ನಡುವಯಸ್ಸಿನ ಮಧುಮೇಹಕ್ಕೂ ಸಂಬಂಧವಿರುವದು ಕಂಡುಬಂದಿತು. ಅಂದರೆ ಈ ಅಂಕೆಯ ಒಂದು ಪಾಲು ತಾಯಿಯ ಗರ್ಭದಲ್ಲಿಯೇ ಬರೆಯಲ್ಪಡುವದು. ಇನ್ನೊಂದು ಪಾಲನ್ನು ಕಾಲವು ಬರೆಯುವದು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಸುರಪುರ ಶಹಾಪುರದ ಸೀಮೆಗೆ ಬಂದ ಬಳಿಕ ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ರೊಟ್ಟಿಯ ತಾಟಿನಲ್ಲಿ ಅನ್ನವು ಹೆಚ್ಚಿತು. ನಡೆದು ಹೋಗುತ್ತಿದ್ದ ಹಾದಿಗೆ ಮೋಟಾರು ಬಂದಿತು. ಇವು ಒಬ್ಬನ ತಪ್ಪುಗಳಲ್ಲ. ತನ್ನ ಪಾಲಿನಷ್ಟಕ್ಕೆ ಹೊಣೆಯಾಗುವದು ವಿವೇಕ. ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವದು ವಿನಯದ ವೇಷ ಹಾಕಿದ ಅಹಂಕಾರ.

ಎಚ್ಚರಕ್ಕೂ ಚಿಂತೆಗೂ ಇರುವ ಭೇದವು ಇಷ್ಟರಿಂದ ತಿಳಿಯುವದು. ಎಚ್ಚರವು ಒಂದು ಕೆಲಸದಲ್ಲಿ ಮುಗಿಯುವದು. ಚಿಂತೆಯು ಇನ್ನೊಂದು ಚಿಂತೆಯಲ್ಲಿ ಮುಂದುವರಿಯುವದು. ಕೆಲವು ದಿನ ಬಿಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವದು, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಅದರೊಡನೆ ನೋಡಿಸುವದು, ಮನೆತನದಲ್ಲಿ ಈ ರೋಗವಿದ್ದರೆ ವೈದ್ಯರಿಗೆ ಹೇಳುವದು, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯುವದು, ಸೊಂಟದ ಬೊಜ್ಜನ್ನು ಕರಗಿಸುವದು, ವರುಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವದು: ಇವು ಎಚ್ಚರ. ಬೆಳಗಿನ ಬೆರಳು ಚುಚ್ಚುವಿಕೆಯು ಮಾಸ್ತರನಿಂದ ಇವುಗಳಲ್ಲಿ ಒಂದನ್ನೂ ಮಾಡಿಸಲಿಲ್ಲ. ನಿದ್ರೆಯನ್ನು ಮಾತ್ರ ಕಸಿದುಕೊಂಡಿತು. ವರುಷಕ್ಕೊಮ್ಮೆ ಬರುವ ಹೋಳಿಗೆಯ ತುಣುಕನ್ನು ತಾಯಿಯ ಕೈಯಿಂದ ಒಲ್ಲೆನೆಂದವನು ದಿನಕ್ಕೆ ನಾಲ್ಕು ಸಲ ಕುಡಿಯುವ ಸಿಹಿ ಚಹವನ್ನು ಎಣಿಸಲೇ ಇಲ್ಲ. ಚಿಂತೆಯು ಕಣ್ಣಿಗೆ ಕಟ್ಟಿದ ಪಟ್ಟಿಯಂಥದು. ಕಾಯುತ್ತೇನೆಂದು ಹೇಳುತ್ತಲೇ ಕಾಣಬೇಕಾದದ್ದನ್ನು ಮರೆಸುವದು.

ಅದು ಮರೆಸುವದು ತನ್ನದನ್ನಷ್ಟೇ ಅಲ್ಲ. ಅದೇ ಓಣಿಯಲ್ಲಿ, ಸುಗ್ಗಿ ಮುಗಿದ ಮೇಲೆ ದುಡಿಯಲು ಬೆಂಗಳೂರಿಗೆ ಹೋಗಿ ಬರುವ ಕೂಲಿಕಾರನೊಬ್ಬನಿರುವನೆಂದು ಭಾವಿಸಬಹುದು. ಆತನ ಸಕ್ಕರೆ ೨೫೦ನ್ನು ಮೀರಿದೆ. ಕಾಲಿನ ಗಾಯವು ತಿಂಗಳಾದರೂ ಮಾಯ್ದಿಲ್ಲ. ಸರಕಾರವು ೨೦೧೦ರಲ್ಲಿ ಇಂಥ ರೋಗಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಮೊದಲು ಮಾಡಿದೆ. ಆದರೆ ಆಸ್ಪತ್ರೆಗೆ ಹೋದ ದಿನ ಆತನ ಕೂಲಿ ಹೋಗುವದು, ಚೀಟಿಯಲ್ಲಿ ಬರೆದದ್ದು ಆತನಿಗೆ ತಿಳಿಯದು. ಚಿಂತಿಸಲು ಕಾರಣವಿದ್ದವನಿಗೆ ಚಿಂತಿಸಲು ಬಿಡುವಿಲ್ಲ. ಬಿಡುವಿದ್ದವನಿಗೆ ತಕ್ಕ ಕಾರಣವಿಲ್ಲ. ಮನುಷ್ಯನ ಕಳಕಳಿಯು ಅವನ ಹಣದಂತೆಯೇ ಮಿತವಾದದ್ದು. ಅದನ್ನೆಲ್ಲ ತನ್ನ ಬೆರಳ ತುದಿಯ ಹನಿಗೆ ಸುರಿದವನ ಬಳಿ ನೆರೆಯವನ ಗಾಯಕ್ಕೆ ಏನೂ ಉಳಿಯದು. ಚಿಂತೆಯು ಕೇವಲ ದುಃಖವಾಗಿರದೆ ನೀತಿಯ ಪ್ರಶ್ನೆಯೂ ಆಗುವದು ಇಲ್ಲಿಯೇ.

ಮಾಸ್ತರನ ಅಂಕೆಯು ಒಂದು ಬೆಳಗು ಆತನನ್ನು ಯಂತ್ರದ ಬಳಿಗಲ್ಲ, ನೆರೆಯವನ ಬಾಗಿಲಿಗೆ ನಡೆಸಿದರೆ, ಇಬ್ಬರೂ ಕೂಡಿ ಆಸ್ಪತ್ರೆಯವರೆಗೆ ನಡೆದು ಹೋದರೆ, ಒಬ್ಬನಿಗೆ ನಡಿಗೆಯೂ ಇನ್ನೊಬ್ಬನಿಗೆ ಔಷಧವೂ ದೊರೆತಂತಾಯಿತು. ಕನ್ನಡದಲ್ಲಿ ಅಂಕೆಯೆಂದರೆ ಎಣಿಕೆ; ಅಂಕೆಯೆಂದರೆ ಹತೋಟಿಯೂ ಹೌದು. ಎಣಿಕೆಯಾಗಿ ಬಂದದ್ದನ್ನು ಹತೋಟಿಯಾಗಿ ಮಾಡಿಕೊಂಡವನಿಗೆ ಅದು ಹಿತವಾದ ಗುರು. ಅದನ್ನು ಅಂಜಿಕೆಯಾಗಿ ಮಾಡಿಕೊಂಡವನು ಇನ್ನೂ ಬಾರದ ರೋಗಕ್ಕೆ ಇಂದಿನ ಆರೋಗ್ಯವನ್ನು ಮುಂಗಡವಾಗಿ ಕೊಟ್ಟವನು. ಮುಂದಿನ ಎಳ್ಳಮಾವಾಸ್ಯೆಗೆ ಆತನು ಹೊಲಕ್ಕೆ ನಡೆದೇ ಹೋಗಲಿ; ತಾಯಿಯ ಕೈಯ ತುಣುಕನ್ನು ತಿಂದು, ನಡೆದೇ ಹಿಂದಿರುಗಲಿ.