ದೊಡ್ಡ ಕರೆಗೆ ‘ಬೇಡ’ ಎನ್ನಬಹುದೇ?

ದೇಶದ ಉನ್ನತ ಪದವಿಯೊಂದು ತಾನಾಗಿ ಮನೆ ಬಾಗಿಲಿಗೆ ಬಂದರೆ ನೀವೇನು ಮಾಡುವಿರಿ? ಕೆನಡಾದ ಝಾನ್ ಬೆಲಿವೊ ಬೇಡವೆಂದರು.

2014ರಲ್ಲಿ ದೈವಾಧೀನರಾದ ಈ ಕಥೋಲಿಕರು ಮಂಜುಗಡ್ಡೆಯ ಮೇಲಾಡುವ ಹಾಕಿಯ ಮಹಾನ್ ಆಟಗಾರರು. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ 507 ಗೋಲು ಹೊಡೆದು, ಹತ್ತು ಬಾರಿ ಸ್ಟಾನ್ಲಿ ಕಪ್ ಗೆದ್ದು 1971ರಲ್ಲಿ ನಿವೃತ್ತರಾದರು. 1994ರಲ್ಲಿ ಪ್ರಧಾನಿ ಝಾನ್ ಕ್ರೆಟಿಯನ್ ಅವರನ್ನು ಗವರ್ನರ್ ಜನರಲ್ ಆಗುವಂತೆ ಕೇಳಿದರು. ಆಗ ಅದು ರಾಣಿಯ ಪ್ರತಿನಿಧಿಯ ಸ್ಥಾನವಾಗಿತ್ತು. ಆದರೆ ಅವರ ಮಗಳು ಗಂಡನನ್ನು ಕಳೆದುಕೊಂಡಿದ್ದಳು. ತಂದೆಯಿಲ್ಲದ ಇಬ್ಬರು ಮೊಮ್ಮಕ್ಕಳಿಗೆ ತಾವು ಬೇಕೆಂದು ಬೆಲಿವೊ ಹಿಂದೆ ಸರಿದರು.

‘ಇಬ್ಬರಿಗಾಗಿ ಕೋಟಿ ಜನರ ಸೇವೆ ಬಿಡುವುದೇ?’ ಎಂದು ಲೆಕ್ಕ ಹಾಕುವವರುಂಟು. ಪ್ರೀತಿಗೂ ಒಂದು ಕ್ರಮವಿದೆ ಎಂದು ಸಂತ ಥಾಮಸ್ ಅಕ್ವಿನಾಸ್ ಬೋಧಿಸಿದರು. ಎಲ್ಲರ ಹಿತವನ್ನೂ ಬಯಸಬೇಕು. ಆದರೆ ದೇವರು ನಮ್ಮ ಹತ್ತಿರವೇ ಇಟ್ಟವರ ಋಣ ಹೆಚ್ಚು. ಆ ಪದವಿಗೆ 1995ರಲ್ಲಿ ರೋಮಿಯೊ ಲೆಬ್ಲಾಂಕ್ ಬಂದರು. ತಾತನ ಜಾಗಕ್ಕೆ ನೇಮಕಾತಿ ಸಾಧ್ಯವೇ?

ಆದರೂ ಎಚ್ಚರ! ‘ಮನೆಯಲ್ಲಿ ಮಕ್ಕಳಿದ್ದಾರೆ ಫಾದರ್’ ಎಂಬುದು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಸವೆದ ನೆಪ. ಹಾಗೆಂದು ಟಿ.ವಿ. ಮುಂದೆ ಕುಳಿತವರನ್ನೂ ಕಂಡಿದ್ದೇನೆ. ಎಲ್ಲ ಸಂಘಗಳ ಸಭೆಗೂ ಹಾಜರಾಗಿ, ಮಗ ಯಾವ ತರಗತಿಯೆಂದು ಹೇಳಲಾರದ ತಂದೆಯರನ್ನೂ ಕಂಡಿದ್ದೇನೆ. ನಾವು ಹಾರ ಹಾಕುವುದು ಮಾತ್ರ ಈ ಎರಡನೆಯವರಿಗೆ!

ಬೆಲಿವೊ ಅವರದು ನೆಪವಾಗಿರಲಿಲ್ಲ. ನಿವೃತ್ತಿಯ ವರ್ಷ ಅವರ ಗೌರವಾರ್ಥ ಕೂಡಿದ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ತಾವಿಟ್ಟುಕೊಳ್ಳದೆ ಬಡಮಕ್ಕಳಿಗಾಗಿ ನಿಧಿ ಸ್ಥಾಪಿಸಿದ್ದರು. 1993ರಲ್ಲಿ ಅದನ್ನು ಕ್ವಿಬೆಕ್‌ನ ಅಂಗವಿಕಲ ಮಕ್ಕಳ ಸಂಸ್ಥೆಗೆ ಒಪ್ಪಿಸಿದರು. ಮೊಮ್ಮಕ್ಕಳಿಗಾಗಿ ಪದವಿ ಬಿಟ್ಟದ್ದು ಮರುವರ್ಷ.