ನೀರು ಪುಕ್ಕಟೆ, ಹೊತ್ತವನ ಕೂಲಿ?

‘ಲಿನಕ್ಸ್ ಪುಕ್ಕಟೆ ಸಿಗುತ್ತದಂತೆ. ಹಾಗಿದ್ದ ಮೇಲೆ ಹಾಕಿಕೊಡಲು ಐನೂರು ರೂಪಾಯಿ ಯಾಕೆ?’ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗನಿಗೆ ಗಿರಾಕಿ ಹಾಕುವ ಪ್ರಶ್ನೆ ಇದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಲು ಉಬುಂಟು, ಲಿನಕ್ಸ್ ಮಿಂಟ್‌ನಂತಹ ಮುಕ್ತ ತಂತ್ರಾಂಶಗಳು ಒಂದು ದಾರಿ. ಹಾಗಾಗಿ ಈ ಪ್ರಶ್ನೆಯನ್ನು ಚಿಲ್ಲರೆ ಚೌಕಾಸಿಯೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ನ್ಯಾಯದ ಒಂದು ಪ್ರಶ್ನೆಯಿದೆ.

ಮೊದಲು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದಕ್ಕೆ ಪುಕ್ಕಟೆ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. ಉರ್ದುವಿನಲ್ಲಿ ಈ ತೊಡಕಿಲ್ಲ. ‘ಮುಫ್ತ್’ ಬೇರೆ, ‘ಆಜಾದ್’ ಬೇರೆ. ಮುಕ್ತ ತಂತ್ರಾಂಶದ ಜೀವ ಇರುವುದು ಎರಡನೆಯದರಲ್ಲಿ. ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಿ ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಬೆಲೆ ಇರಕೂಡದು ಎಂದು ಅಲ್ಲಿ ಯಾರೂ ಹೇಳಿಲ್ಲ. 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ತಮ್ಮ ‘ಈಮ್ಯಾಕ್ಸ್’ ತಂತ್ರಾಂಶದ ಟೇಪನ್ನು 150 ಡಾಲರಿಗೆ ಕಳಿಸಿಕೊಡುತ್ತಿದ್ದರು. 1989ರಲ್ಲಿ ಬಂದ ಗ್ನೂ ಸಾರ್ವಜನಿಕ ಪರವಾನಗಿ ಕೂಡ ಹಣ ಪಡೆಯುವುದನ್ನು ತಡೆಯುವುದಿಲ್ಲ. ಪಡೆದವನ ಸ್ವಾತಂತ್ರ್ಯವನ್ನು ಕಸಿಯುವುದನ್ನು ಮಾತ್ರ ತಡೆಯುತ್ತದೆ.

ಆದರೆ ಪರವಾನಗಿ ಒಪ್ಪಿದ್ದೆಲ್ಲ ನ್ಯಾಯವಾಗಿಬಿಡುವುದಿಲ್ಲ. ಹುಡುಗ ಕೇಳುವ ಐನೂರು ಯಾವುದರ ಬೆಲೆ?

ಹಿಂದೆ ಭಿಸ್ತಿ ಮಶಕ್‌ನಲ್ಲಿ ನೀರು ತುಂಬಿಕೊಂಡು ಮನೆಮನೆಗೆ ಹಾಕುತ್ತಿದ್ದ. ಬಾವಿಯ ನೀರಿಗೆ ಬೆಲೆಯಿರಲಿಲ್ಲ, ಬಾಗಿದ ಬೆನ್ನಿಗಿತ್ತು. ಇಲ್ಲಿಯೂ ಹಾಗೆಯೇ. ಗಿರಾಕಿಯ ಮಗಳ ಮದುವೆಯ ಫೋಟೋಗಳು, ಅಂಗಡಿಯ ಲೆಕ್ಕಪತ್ರಗಳು ಅಳಿಯದಂತೆ ಮೊದಲು ಬೇರೆಡೆ ಉಳಿಸಬೇಕು. ಪ್ರಿಂಟರ್ ಓಡಬೇಕು, ವೈಫೈ ಹಿಡಿಯಬೇಕು, ಕನ್ನಡ, ಉರ್ದು ಟೈಪಿಸಲು ಬರಬೇಕು. ನಾಳೆ ಕೆಟ್ಟರೆ ಬೈಸಿಕೊಳ್ಳುವವನೂ ಅವನೇ. ಇಷ್ಟೆಲ್ಲ ದುಡಿಸಿಕೊಂಡು ಏನೂ ಕೊಡದಿದ್ದರೆ ಅದಕ್ಕೆ ಕನ್ನಡದಲ್ಲಿ ಹಳೆಯ ಪದವೊಂದಿದೆ: ಬಿಟ್ಟಿ. ಕೂಲಿಯಿಲ್ಲದೆ ಸಿಕ್ಕಿದ್ದೂ ಬಿಟ್ಟಿ, ಕೂಲಿಯಿಲ್ಲದೆ ಮಾಡಿಸಿದ ಚಾಕರಿಯೂ ಬಿಟ್ಟಿ. ಒಬ್ಬನಿಗೆ ಬಿಟ್ಟಿ ಸಿಕ್ಕಿದ್ದರ ಹಿಂದೆ ಇನ್ನೊಬ್ಬನ ಬಿಟ್ಟಿ ಚಾಕರಿ ಇರಬಹುದೆಂದು ಈ ಪದವೇ ಎಚ್ಚರಿಸುತ್ತದೆ. ಮುಕ್ತ ತಂತ್ರಾಂಶಕ್ಕೆ ಸೇವೆ ಒದಗಿಸಿಯೇ ಬೆಳೆದ ರೆಡ್ ಹ್ಯಾಟ್ ಕಂಪೆನಿಯನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಕೊಂಡಾಗ ಅದು ಜಾಣ ವ್ಯಾಪಾರ ಎನಿಸಿಕೊಂಡಿತು. ಗಲ್ಲಿಯ ಹುಡುಗ ಐನೂರು ಕೇಳಿದರೆ ಮಾತ್ರ ಮೋಸವೇ?

ಹಾಗೆಂದು ಹುಡುಗನ ಪರವಾಗಿ ವಾದಿಸಿ ಸುಮ್ಮನಾಗುವಂತಿಲ್ಲ. ಗಿರಾಕಿಗೆ ತಿಳಿಯದ್ದು ಅವನಿಗೆ ತಿಳಿದಿದೆ. ಪರೀಕ್ಷೆ ಇರುವುದು ಅಲ್ಲಿಯೇ. ‘ಈ ತಂತ್ರಾಂಶಕ್ಕೆ ಹಣವಿಲ್ಲ, ನನ್ನ ಕೆಲಸಕ್ಕೆ ಇಷ್ಟು’ ಎಂದು ಮೊದಲೇ ಹೇಳಿದರೆ ಅದು ದುಡಿಮೆ. ‘ಲೈಸೆನ್ಸ್‌ಗೆ ಇಷ್ಟು’ ಎಂದು ಬಿಲ್ಲಿಗೆ ಸೇರಿಸಿದರೆ, ಮೊತ್ತ ನೂರೇ ಆದರೂ ಅದು ವಂಚನೆ. ಗಿರಾಕಿಯ ಅಜ್ಞಾನ ಹೆಚ್ಚಿದಷ್ಟೂ ದರ ಏರಿದರೆ ಅದೂ ವಂಚನೆಯೇ. ದರ ನಿಲ್ಲಬೇಕಾದದ್ದು ಹಿಡಿದ ಸಮಯ, ಕಲಿತ ಕಸುಬು, ಹೊತ್ತುಕೊಂಡ ಜವಾಬ್ದಾರಿ, ಇವುಗಳ ಮೇಲೆ. ಬಡ ವಿದ್ಯಾರ್ಥಿಗೆ ಅವನು ಕಡಿಮೆ ಮಾಡಿಕೊಳ್ಳಬಹುದು, ಬಿಟ್ಟೂಬಿಡಬಹುದು. ಆದರೆ ಅದು ಅವನು ತೋರುವ ಔದಾರ್ಯ. ಕೇಳುವವನ ಹಕ್ಕಲ್ಲ.

ಇನ್ನೊಂದು ಋಣವೂ ಇದೆ. ಹುಡುಗ ಕೂಲಿ ಪಡೆದ, ಆದರೆ ತಂತ್ರಾಂಶ ಬರೆದವರಿಗೆ ಏನು ಸಿಕ್ಕಿತು? 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂತು. ಅಂತರ್ಜಾಲದ ದೊಡ್ಡ ಭಾಗ ತನ್ನ ಗುಟ್ಟನ್ನು ಕಾಪಾಡಲು ನೆಚ್ಚಿದ್ದ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶವನ್ನು ಬೆರಳೆಣಿಕೆಯ ಮಂದಿ ಅಲ್ಪಸ್ವಲ್ಪ ದೇಣಿಗೆಯಲ್ಲಿ ನೋಡಿಕೊಳ್ಳುತ್ತಿದ್ದರು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಅದರಿಂದ ಲಾಭ ಪಡೆದ ಸಿರಿವಂತ ಕಂಪೆನಿಗಳಿಗೆ ಅವರ ನೆನಪೇ ಇರಲಿಲ್ಲ. ಬಾವಿ ತೋಡಿದವರನ್ನು ಮರೆತರೆ ಬಾವಿ ಹೂಳುತ್ತದೆ. ಗಲ್ಲಿಯ ಹುಡುಗ ಡಾಲರ್ ಕಳಿಸಬೇಕಾಗಿಲ್ಲ. ಕಂಡ ದೋಷವನ್ನು ಬರೆದವರಿಗೆ ತಿಳಿಸಬಹುದು, ನಾಲ್ಕು ಸಾಲು ಕನ್ನಡಕ್ಕೆ ತರಬಹುದು, ಕೇಳಿದ ಗಿರಾಕಿಗೆ ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಿಕೊಟ್ಟು ‘ಇದನ್ನು ನೀವೂ ಹಂಚಿ’ ಎನ್ನಬಹುದು. ಮುಂದಿನ ಗಿರಾಕಿ ತಪ್ಪೀತೆಂದು ಈ ಮಾತನ್ನು ಮುಚ್ಚಿಟ್ಟರೆ ಅವನ ಕೂಲಿಗೆ ಕಳಂಕ ತಗಲುತ್ತದೆ.

ಕನ್ನಡದ ‘ಉಚಿತ’ ಎಂಬ ಪದಕ್ಕೆ ಹಣವಿಲ್ಲದ್ದು ಎಂಬ ಅರ್ಥ ಇಂದು ರೂಢಿಯಾಗಿದೆ. ಅದರ ಮೂಲ ಅರ್ಥ ತಕ್ಕದ್ದು, ಯೋಗ್ಯವಾದದ್ದು ಎಂದು. ಅನುಚಿತ ಎನ್ನುವಾಗ ಆ ಅರ್ಥ ಇನ್ನೂ ಉಳಿದಿದೆ. ಉಚಿತ ತಂತ್ರಾಂಶಕ್ಕೆ ಉಚಿತ ಕೂಲಿ ಎಂದರೆ ಏನೆಂದು ಕೊಡುವವರೂ ಪಡೆಯುವವರೂ ಈ ಹಳೆಯ ಅರ್ಥದಲ್ಲಿ ಕೇಳಿಕೊಂಡರೆ, ಐನೂರು ಹೆಚ್ಚೋ ಕಡಿಮೆಯೋ ಎಂಬುದು ಅವರವರ ನಡುವೆಯೇ ತೀರ್ಮಾನವಾದೀತು.